ಗಾಳಿಯಲ್ಲಿ ಶೇಕಡಾ ಹತ್ತು ಸುಧಾರಣೆ

ಹನ್ನೊಂದು ವರ್ಷ ಗಾಳಿಯನ್ನು ಅಳೆದ ಅಗ್ನಿಯಾ ಸಾವ್ವಿಚ್ನಾಗೆ, ತನ್ನ ಗಾಳಿಯ ಪರವಾಗಿ ಬೇರೆ ಯಾರೋ ಮಾತು ಕೊಟ್ಟುಬಿಟ್ಟಿದ್ದಾರೆ ಎಂದು ಗೊತ್ತಾದದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ಮಾಸ್ಕೋದ ಸಂಸ್ಥೆಯ ಬಾಗಿಲಲ್ಲಿ ಬೂಟಿನ ಕೆಸರು ಒರೆಸಿಕೊಳ್ಳುತ್ತಿರುವಾಗ. ದಕ್ಷಿಣದ ಹುಲ್ಲುಗಾವಲಿನಲ್ಲಿದ್ದ ಠಾಣೆಯಿಂದ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತು ಬಂದಿದ್ದಳು. ಕಂಕುಳಲ್ಲಿ ಡಾಕ್ಟರೇಟ್ ಪ್ರಬಂಧದ ಕಟ್ಟು, ಕೈಯಲ್ಲಿ ಉಪ್ಪುನೀರಿನಲ್ಲಿಟ್ಟ ಸೌತೆಕಾಯಿಯ ಜಾಡಿ. ಎದುರಿಗೆ, ಕೋಟು ಬಿಚ್ಚಿಡುವ ಜಾಗದ ಮೇಲೆ, ಗೋಡೆಯಗಲದ ಕೆಂಪು ಬಟ್ಟೆ, ಅದರ ತುಂಬ ಬಿಳಿ ಅಕ್ಷರದ ಪ್ರತಿಜ್ಞೆಗಳು. ನವೆಂಬರ್ ಏಳಕ್ಕೆ ಕ್ರಾಂತಿಗೆ ಐವತ್ತು ತುಂಬುವ ವರ್ಷ ಅದು. ಪ್ರತಿ ಪ್ರಯೋಗಾಲಯವೂ ಏನಾದರೊಂದನ್ನು ಹೆಚ್ಚಿಸುತ್ತೇನೆ ಇಲ್ಲವೇ ತಗ್ಗಿಸುತ್ತೇನೆ ಎಂದು ಪ್ರತಿಜ್ಞೆ ಮಾಡಲೇಬೇಕಿತ್ತು. ಬೆಳಕಿನ ವಿಭಾಗದವರು ಮಸೂರ ಒರೆಸುವ ಸ್ಪಿರಿಟ್ಟನ್ನು ಹತ್ತು ಪರ್ಸೆಂಟ್ ಉಳಿಸುತ್ತೇವೆಂದು ಮಾತು ಕೊಟ್ಟಿದ್ದರು. ಆ ಸ್ಪಿರಿಟ್ಟು ಯಾರ್‍ಯಾರ ಹೊಟ್ಟೆಗೆ ಹೋಗುತ್ತಿತ್ತು ಎನ್ನುವುದು ಇಡೀ ಸಂಸ್ಥೆಗೆ ಗೊತ್ತಿದ್ದರಿಂದ ಅದು ನಿಜಕ್ಕೂ ದೊಡ್ಡ ತ್ಯಾಗವೇ. ಅದರ ಕೆಳಗಿನ ಸಾಲು ಅಗ್ನಿಯಾಳದು.

"ಕ್ಷುಬ್ಧ ಹರಿವಿನ ಪ್ರಯೋಗಾಲಯ. ಸೂಚಕ: ಘಾತ. ಈಗಿನ ಮಟ್ಟ: ಮೈನಸ್ ಐದು ಬೈ ಮೂರು. ನವೆಂಬರ್ ಏಳರೊಳಗೆ ಮುಟ್ಟುವ ಮಟ್ಟ: ಮೈನಸ್ ಒಂದೂವರೆ."

ಮೂರು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ನಾಲ್ಕನೇ ಸಲ ಓದಿದಳು. ಒಂದಕ್ಷರವೂ ಬದಲಾಗಲಿಲ್ಲ.

ಈ ಮೈನಸ್ ಐದು ಬೈ ಮೂರು ಎಂದರೇನು ಎಂದು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಕೆ ನಾಲ್ಕು ಸಲ ಓದಿದ್ದೇಕೆ ಎಂದು ಯಾರಿಗೂ ತಿಳಿಯುವುದಿಲ್ಲ. ಗಾಳಿ ಬೀಸುವಾಗ ಅದರಲ್ಲಿ ದೊಡ್ಡ ಸುಳಿಗಳಿರುತ್ತವೆ. ಅವು ಒಡೆದು ಸಣ್ಣವಾಗುತ್ತವೆ, ಸಣ್ಣವು ಒಡೆದು ಇನ್ನೂ ಸಣ್ಣವಾಗುತ್ತವೆ, ಕೊನೆಗೆ ಎಲ್ಲವೂ ಒಂದಿಷ್ಟು ಬಿಸಿಯಾಗಿ ಕರಗಿಹೋಗುತ್ತದೆ. ಯಾವ ಗಾತ್ರದ ಸುಳಿಯಲ್ಲಿ ಎಷ್ಟು ಶಕ್ತಿ ಇರುತ್ತದೆ ಎನ್ನುವುದೇ ಪ್ರಶ್ನೆ. ನಡುವಿನ ಗಾತ್ರದ ಸುಳಿಗೆ ಗೊತ್ತಿರುವುದು ಎರಡೇ ಸಂಗತಿ: ಮೇಲಿನಿಂದ ಶಕ್ತಿ ಎಷ್ಟು ವೇಗವಾಗಿ ಇಳಿದುಬರುತ್ತಿದೆ, ಮತ್ತು ತಾನು ಎಷ್ಟು ದೊಡ್ಡದಿದ್ದೇನೆ. ಇನ್ನು ಸಮೀಕರಣ ಎಂದ ಮೇಲೆ ಎಡಗಡೆ ಎಷ್ಟು ಮೀಟರು ಎಷ್ಟು ಸೆಕೆಂಡು ಇದೆಯೋ ಬಲಗಡೆಯೂ ಅಷ್ಟೇ ಇರಬೇಕು. ಈ ಎರಡೇ ಸಂಗತಿಗಳನ್ನಿಟ್ಟುಕೊಂಡು ಮೀಟರು ಸೆಕೆಂಡು ಸರಿಹೊಂದಿಸುವುದಕ್ಕೆ ಇರುವ ದಾರಿ ಒಂದೇ, ಸುಳಿಯ ಗಾತ್ರ ಇಳಿದಂತೆ ಶಕ್ತಿ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ, ಆ ದಾರಿಯಲ್ಲಿ ಸಿಗುವ ಘಾತವೂ ಒಂದೇ. ಅದು ಮೈನಸ್ ಐದು ಬೈ ಮೂರು. ಕಾಗದದ ಮೇಲೆ ಇದನ್ನು ಅರ್ಧ ಪುಟದಲ್ಲಿ ತೋರಿಸಬಹುದು. ಗಾಳಿಯೂ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡಲು ಅಗ್ನಿಯಾಗೆ ಹನ್ನೊಂದು ವರ್ಷ ಹಿಡಿದಿತ್ತು. ನಲವತ್ತು ಮೀಟರಿನ ಕಂಬದ ಮೇಲೆ ಕೂದಲಿಗಿಂತ ತೆಳುವಾದ ತಂತಿಯನ್ನು ಕಟ್ಟಿ, ಕಾಯಿಸಿ, ಗಾಳಿಗೆ ಅದು ಎಷ್ಟು ತಣಿಯುತ್ತದೆ ಎಂದು ಅಳೆದು, ಹಿಮ ಹಿಡಿದಾಗ ಬಿಡಿಸಿ, ಕಾಗೆ ಕೂತು ಹರಿದಾಗ ಮತ್ತೆ ಕಟ್ಟಿ, ಆಕೆ ಕಂಡುಕೊಂಡದ್ದು ಇಷ್ಟೇ: ಗಾಳಿ ಒಪ್ಪುತ್ತದೆ. ಈ ಹನ್ನೊಂದು ವರ್ಷದಲ್ಲಿ ಗಂಡ ಬಿಟ್ಟುಹೋದ, ತಲೆ ನೆರೆಯಿತು, ಎರಡು ಹಲ್ಲು ಬಿದ್ದವು. ಆ ಸಂಖ್ಯೆ ಮಾತ್ರ ಕದಲಿರಲಿಲ್ಲ.

ಪ್ರತಿಜ್ಞೆಗಳ ಉಸ್ತುವಾರಿ ನೌಕರರ ಸಂಘದ ಕಾರ್ಯದರ್ಶಿ ಫೊಮಾ ಪಂತೆಲೆಯೆವಿಚ್ ಜಬ್ರೋದಿನ್ ಅವರದು. ಇಪ್ಪತ್ತು ವರ್ಷ ಬ್ರೆಡ್ ಕಾರ್ಖಾನೆಯೊಂದರಲ್ಲಿದ್ದು, ಅಲ್ಲಿ ಸೀದುಹೋಗುವ ಬ್ರೆಡ್ಡಿನ ಪ್ರಮಾಣ ಇಳಿಸಿ ಹೆಸರು ಮಾಡಿ, ಆ ಹೆಸರಿನ ಮೇಲೆ ವಿಜ್ಞಾನಕ್ಕೆ ಬಡ್ತಿ ಪಡೆದು ಬಂದವರು. ಕೆಟ್ಟ ಮನುಷ್ಯರೇನಲ್ಲ. ಕೆಟ್ಟವರಾಗಿದ್ದರೆ ಅಗ್ನಿಯಾಗೆ ಎಷ್ಟೋ ಸುಲಭವಾಗುತ್ತಿತ್ತು.

"ಫೊಮಾ ಪಂತೆಲೆಯೆವಿಚ್, ಕೆಳಗೆ ಬಟ್ಟೆ ಮೇಲೆ ನಮ್ಮ ಪ್ರಯೋಗಾಲಯದ ಹೆಸರಲ್ಲಿ ಏನೋ ಬರೆಸಿದೀರಲ್ಲ, ಏನದು?"

"ಕೂತ್ಕೊಳ್ಳಿ, ಮೊದಲು ಚಹಾ ಕುಡೀರಿ. ನೀವು ಊರಲ್ಲಿರಲಿಲ್ಲ. ಫಾರಂ ಖಾಲಿ ಬಿಡೋಕಾಗುತ್ತಾ? ನಿಮ್ಮ ವಾರ್ಷಿಕ ವರದಿ ತೆಗೆದು ನೋಡ್ದೆ. ಅದರಲ್ಲಿ ನಂಗೆ ತಿಳಿದ ಸಂಖ್ಯೆ ಅದೊಂದೇ. ಮುಂದೆ ಮೈನಸ್ ಇತ್ತು. ಮೈನಸ್ ಅಂದ್ರೆ ನಷ್ಟ ತಾನೆ? ಹತ್ತು ಪರ್ಸೆಂಟ್ ಇಳಿಸ್ತೀವಿ ಅಂತ ಬರೆದೆ. ನಾನೇನು ಜಾಸ್ತಿ ಕೇಳಿಲ್ಲ."

"ಅದು ನಷ್ಟ ಅಲ್ಲ, ಅದು ನಿಯಮ."

"ನಿಯಮ ಅಂದ್ರೆ? ಮಂಜೂರು ಮಾಡಿದ್ದು ಯಾರು?"

"ಯಾರೂ ಮಾಡಿಲ್ಲ. ಪ್ರಕೃತಿಯಲ್ಲೇ ಇದೆ."

ಜಬ್ರೋದಿನ್ ಚಹಾದ ಲೋಟದಲ್ಲಿ ಸಕ್ಕರೆ ಕಲಕುತ್ತ ಆಕೆಯನ್ನು ಕನಿಕರದಿಂದ ನೋಡಿದರು. "ಬ್ರೆಡ್ಡು ಸೀಯೋದೂ ಪ್ರಕೃತಿಯಲ್ಲೇ ಇತ್ತಮ್ಮ. ನಾನು ಹೋದಾಗ ಹದಿಮೂರು ಪರ್ಸೆಂಟ್ ಸೀದುಹೋಗ್ತಿತ್ತು. ಎಲ್ರೂ ಒಂದೇ ಮಾತು, ಒಲೆ ಇರೋದೇ ಹಾಗೆ, ಏನೂ ಮಾಡೋಕಾಗಲ್ಲ ಅಂತ. ಏಳಕ್ಕೆ ಇಳಿಸಿದೆ. ಮನಸ್ಸು ಮಾಡ್ಬೇಕು, ಅಷ್ಟೆ."

"ತಪ್ಪಾಗಿದೆ ಅಂತ ಒಂದು ಕಾಗದ ಬರೆದು ವಾಪಸ್ ತಗೊಳ್ಳಿ."

"ಪಕ್ಷದ ಜಿಲ್ಲಾ ಸಮಿತಿಗೆ ಹೋಗಿ ಆಯ್ತಲ್ಲ. ಅಲ್ಲಿಂದ ಶಹಬ್ಬಾಸ್ ಅಂತ ಉತ್ತರಾನೂ ಬಂತು. ಗಾಳಿ ವಿಷಯದಲ್ಲಿ ಪ್ರತಿಜ್ಞೆ ಮಾಡಿದ್ದು ಇಡೀ ಜಿಲ್ಲೆಗೆ ನಾವೊಬ್ರೇ ಅಂತೆ."

ಮೇಜಿನ ಮೇಲಿದ್ದ ಪ್ರಬಂಧದ ಕಟ್ಟನ್ನು ಅವರು ಮರ್ಯಾದೆಯಿಂದ ಎಳೆದುಕೊಂಡು ಕೋಷ್ಟಕದ ಪುಟ ತೆರೆದರು. ಬೆರಳಿಟ್ಟುಕೊಂಡು ಓದುತ್ತ ಹೋದರು. ಮೊದಲನೇ ವರ್ಷ ಒಂದು ಪಾಯಿಂಟ್ ಆರು ಏಳು, ಅಂದರೆ ಅದೇ ಐದು ಬೈ ಮೂರು. ಎರಡನೇ ವರ್ಷ ಒಂದು ಪಾಯಿಂಟ್ ಆರು ಏಳು. ಹನ್ನೊಂದನೇ ವರ್ಷಕ್ಕೆ ಬರುವಷ್ಟರಲ್ಲಿ ಅವರ ಮುಖ ಬಾಡಿತ್ತು. ಪುಟ ಮುಚ್ಚಿ, ಸಾವಿನ ಮನೆಯಲ್ಲಿ ಮಾತಾಡುವವರ ಹಾಗೆ ದನಿ ತಗ್ಗಿಸಿದರು.

"ಅಗ್ನಿಯಾ ಸಾವ್ವಿಚ್ನಾ, ಇದನ್ನ ಹೊರಗಡೆ ಯಾರಿಗೂ ತೋರಿಸ್ಬೇಡಿ. ಹನ್ನೊಂದು ವರ್ಷ ಒಂದು ಚೂರೂ ಮುಂದಕ್ಕೆ ಹೋಗಿಲ್ಲ ಅಂತ ಜನ ಆಡ್ಕೋತಾರೆ."

ಸಂಸ್ಥೆಯ ನಿರ್ದೇಶಕರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಅದೇ ಅವರ ದೊಡ್ಡ ತೊಂದರೆ. ಬಾಗಿಲು ಹಾಕಿಕೊಂಡು, ಕಿಟಕಿಯ ಕಡೆ ತಿರುಗಿ ನಿಂತು ಹೇಳಿದರು, ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಯಾಗಿದೆ, ಅದು ಪೂರೈಸಿದ ವರದಿ ಇಲ್ಲದೆ ವಿದ್ವತ್ ಮಂಡಳಿ ಪ್ರಬಂಧವನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂದು. ಈ ವರ್ಷ ಪ್ರಬಂಧ ಆಗದಿದ್ದರೆ ವಿಷಯವನ್ನೇ ಯೋಜನೆಯಿಂದ ತೆಗೆಯುತ್ತಾರೆ, ಕಂಬ ಇಳಿಸಿ ಗುಜರಿಗೆ ಹಾಕುತ್ತಾರೆ, ಹನ್ನೊಂದು ವರ್ಷದ ಪುಸ್ತಕಗಳು ನೆಲಮಾಳಿಗೆಗೆ ಹೋಗುತ್ತವೆ. "ಒಂದೂವರೆ ಅಂತ ಬರೆದುಬಿಡಿ," ಎಂದರು ಕಿಟಕಿಗೆ. "ಎಲ್ಲರೂ ಏನಾದರೊಂದು ಬರೀತಾರೆ."

ಆಗಲ್ಲ ಎಂದಳು ಅಗ್ನಿಯಾ. ಹಟದಿಂದ ಹೇಳಿದ್ದಲ್ಲ. ಕೈ ಆ ಅಂಕಿ ಬರೆಯುವುದನ್ನು ಕಲ್ಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

ಮೇ ತಿಂಗಳಲ್ಲಿ ಜಬ್ರೋದಿನ್ ತಾವೇ ಠಾಣೆಗೆ ಬಂದರು. ಗಾಳಿಯನ್ನು ಕಣ್ಣಾರೆ ನೋಡಬೇಕಿತ್ತಂತೆ. ಠಾಣೆ ಎಂದರೆ ಮೂರು ಮರದ ಕೊಠಡಿ, ಒಂದು ಕಂಬ, ದಿಗಂತದವರೆಗೆ ಹುಲ್ಲು. ಕಂಬ ಹತ್ತುವವನು ನಜಾರ್ ಎಂಬ, ಆ ಹುಲ್ಲುಗಾವಲಿನಲ್ಲೇ ಹುಟ್ಟಿ ಬೆಳೆದ ಐವತ್ತೈದರ ಕೊಸಾಕ. ಹನ್ನೊಂದು ವರ್ಷದಿಂದ ಅಗ್ನಿಯಾಳ ತಂತಿ ಕಟ್ಟಿದ ಕೈ ಅವನದೇ. ಮೂವರೂ ಗ್ರೆಚ್ಕಾ ಎಂಬ ಕಾಳಿನ ಗಂಜಿಯ ಮುಂದೆ ಕೂತರು. ಜಬ್ರೋದಿನ್ ಟಿಪ್ಪಣಿ ಪುಸ್ತಕ ಬಿಚ್ಚಿದರು.

"ದೊಡ್ಡ ಸುಳಿ ತನ್ನ ಶಕ್ತೀನ ಯಾರಿಗೆ ಕೊಡುತ್ತೆ?"

"ಅದಕ್ಕಿಂತ ಸಣ್ಣದಕ್ಕೆ," ಎಂದಳು ಅಗ್ನಿಯಾ.

"ಸಣ್ಣದು?"

"ಇನ್ನೂ ಸಣ್ಣದಕ್ಕೆ."

"ಕಟ್ಟಕಡೇಲಿ?"

"ಬಿಸಿಯಾಗಿ ಹೋಗಿಬಿಡುತ್ತೆ."

"ಅಂದ್ರೆ ಯಾರ ಕೈಗೂ ಸಿಗಲ್ಲ?"

"ಇಲ್ಲ."

ಜಬ್ರೋದಿನ್ ಚಮಚ ಕೆಳಗಿಟ್ಟರು. ಮುಖದ ಮೇಲೆ ಬಹಳ ದಿನದಿಂದ ಹುಡುಕುತ್ತಿದ್ದುದು ಸಿಕ್ಕ ಕಳೆ. "ಇದು ನಂಗೆ ಗೊತ್ತು. ನಮ್ಮ ಹಿಟ್ಟಿನ ಗೋದಾಮಲ್ಲಿ ಹೀಗೇ ನಡೀತಿತ್ತು. ದೊಡ್ಡೋನು ಸಣ್ಣೋನಿಗೆ ದಾಟಿಸ್ತಿದ್ದ, ಸಣ್ಣೋನು ಅವನ ಭಾವಮೈದನಿಗೆ. ಕೊನೇಲಿ ಬಂದು ನೋಡಿದ್ರೆ ಬರೀ ಖಾಲಿ ಚೀಲ. ಕೇಳಿದ್ರೆ ಒಣಗಿಹೋಯ್ತು ಅನ್ನೋರು."

"ಇಲ್ಲಿ ಯಾರೂ ಕದೀತಿಲ್ಲ, ಫೊಮಾ ಪಂತೆಲೆಯೆವಿಚ್."

"ಅಲ್ಲೂ ಯಾರೂ ಕದೀತಿರಲಿಲ್ಲ."

ನಜಾರ್ ಗಂಜಿಯ ಬಟ್ಟಲಿನೊಳಕ್ಕೆ ಮುಖ ಹಾಕಿ ಕೆಮ್ಮಿದ. ಅದು ನಗು ಮುಚ್ಚಿಕೊಳ್ಳುವ ಕೆಮ್ಮು ಎಂದು ಅಗ್ನಿಯಾಗೆ ಗೊತ್ತಿತ್ತು, ಆದರೆ ಆಕೆಗೆ ನಗು ಬರಲಿಲ್ಲ.

ಊಟವಾದ ಮೇಲೆ ಜಬ್ರೋದಿನ್ ಪೆಟ್ಟಿಗೆಯಿಂದ ಒಂದು ತ್ರಿಕೋನದ ಮಖಮಲ್ಲು ಬಾವುಟ ತೆಗೆದರು. ಚಿನ್ನದ ಜರಿ, ಕೆಳಗೆ ಕುಚ್ಚು, "ಮುಂಚೂಣಿಯ ಕಾರ್ಯಕರ್ತನಿಗೆ" ಎಂಬ ಅಕ್ಷರ. ಕಂಬದ ತುದಿಗೆ ಕಟ್ಟಬೇಕೆಂದರು. ಅಲ್ಲಿ ನಾಲ್ಕು ತಂತಿಗಳಿವೆ, ಬೇಡ, ಎಂದು ಅಗ್ನಿಯಾ ಬೇಡಿಕೊಂಡಳು. ಪ್ರೋತ್ಸಾಹ ಇಲ್ಲದೆ ಯಾರು ತಾನೇ ಸುಧಾರಿಸುತ್ತಾರೆ ಎಂದು ಅವರು ಕೇಳಿದರು. ಬಾವುಟ ಏರಿತು. ಗಾಳಿ ಅದನ್ನು ಹಿಡಿದು ಬಡಿದ ಬಡಿತಕ್ಕೆ ಆ ಸಂಜೆಯೊಳಗೆ ನಾಲ್ಕೂ ತಂತಿ ಹರಿದವು, ಒಂದು ವಾರದ ಅಳತೆ ಮಣ್ಣುಪಾಲಾಯಿತು. ಆ ವಾರ ಯಾವ ಸಂಖ್ಯೆಯೂ ಬರಲಿಲ್ಲವಾದ್ದರಿಂದ ಜಬ್ರೋದಿನ್ ಮಾಸ್ಕೋಗೆ ಹೋಗಿ, ನಷ್ಟ ಮೊದಲ ಬಾರಿಗೆ ಸೊನ್ನೆಗೆ ಇಳಿಯಿತು ಎಂದು ಗೋಡೆಪತ್ರಿಕೆಯಲ್ಲಿ ಬರೆಸಿದರು.

ಜೂನ್‌ನಲ್ಲಿ ಸಭೆ. ಅಗ್ನಿಯಾ ಗಟ್ಟಿ ಮನಸ್ಸು ಮಾಡಿಕೊಂಡು ಹೋದಳು. ಕಪ್ಪುಹಲಗೆಯ ಮೇಲೆ ಎಡಗಡೆಯ ಮೀಟರು ಸೆಕೆಂಡು ಬರೆದಳು, ಬಲಗಡೆಯದನ್ನು ಬರೆದಳು, ಐದು ಬೈ ಮೂರು ಒರೆಸಿ ಒಂದೂವರೆ ಹಾಕಿ ತೋರಿಸಿದಳು.

"ಸೆಕೆಂಡು ಸರಿ ಇದೆ. ಮೀಟರು ಕಡಿಮೆ ಬೀಳುತ್ತೆ. ಒಂದು ಉದ್ದದ ಆರನೇ ಒಂದು ಘಾತದಷ್ಟು ಕೊರತೆ. ಆ ಉದ್ದ ತರೋಕೆ ಎಲ್ಲಿಂದಲೂ ಆಗಲ್ಲ. ಹಾಗಾಗಿ ಈ ಪ್ರತಿಜ್ಞೆ ಪೂರೈಸೋಕೆ ಸಾಧ್ಯ ಇಲ್ಲ." ಸೀಮೆಸುಣ್ಣ ಕೆಳಗಿಟ್ಟಳು. ಮುಗಿಯಿತು ಎಂದುಕೊಂಡಳು. ಪಾಪ.

ಜಬ್ರೋದಿನ್ ನಿಧಾನವಾಗಿ ಎದ್ದು ನಿಂತರು. "ಎಷ್ಟರಲ್ಲಿ ಒಂದು ಅಂದ್ರಿ?"

"ಆರರಲ್ಲಿ."

"ಕಾಮ್ರೇಡ್‌ಗಳೇ, ಭೂಮಿ ಮೇಲಿನ ನೆಲದಲ್ಲಿ ನಮ್ಮ ದೇಶದ ಪಾಲೆಷ್ಟು?"

ಯಾರು ಹೇಳಬೇಕು? ಒಂದನೇ ಕ್ಲಾಸಿನಿಂದ ಎಲ್ಲರ ತಲೆಯಲ್ಲೂ ಕೂತದ್ದೇ ಅದು, ಆರನೇ ಒಂದು ಭಾಗ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ತಟ್ಟದೆ ಕೂರುವ ಧೈರ್ಯ ಯಾರಿಗಿದೆ, ಎಲ್ಲರೂ ತಟ್ಟಿದರು, ಎದ್ದು ನಿಂತು ತಟ್ಟಿದರು.

"ಇದು ಕಾಕತಾಳೀಯ," ಎಂದಳು ಅಗ್ನಿಯಾ.

"ಅದನ್ನ ಕಾಗದದ ಮೇಲೆ ಬರೆದು ಸಹಿ ಹಾಕ್ತೀರಾ?" ಎಂದು ನಿರ್ದೇಶಕರು ಮೆಲ್ಲಗೆ ಕೇಳಿದರು. ಆಕೆ ಹಾಕಲಿಲ್ಲ.

ಹಾಗಾಗಿ ಆ ಉದ್ದವನ್ನು ಹುಡುಕಲು ಒಂದು ಉಪಸಮಿತಿ ಆಯಿತು. ಸಂಸ್ಥೆಯ ಕಟ್ಟಡದ ಮುಂಭಾಗ ಎಂಬತ್ತನಾಲ್ಕು ಮೀಟರ್ ಇದೆ, ಅದನ್ನೇ ಹಾಕಿ, ಎಂದರು ಒಬ್ಬರು. ನಿರ್ದೇಶಕರ ಎತ್ತರ ಹಾಕುವುದು ಉಚಿತ ಎಂದರು ಇನ್ನೊಬ್ಬರು. ನಿರ್ದೇಶಕರು ಬೇಡವೇ ಬೇಡ ಎಂದು ಕೈಯಾಡಿಸಿ, ಆಮೇಲೆ ಹಾಕುವುದೇ ಆದರೆ ಬೂಟಿನ ಸಮೇತ ಅಳೆಯಬೇಕು ಎಂದು ಉಪಸಮಿತಿಗೆ ಚೀಟಿ ಕಳಿಸಿದರು. ಅಗ್ನಿಯಾ ತಲೆ ಚಚ್ಚಿಕೊಂಡಳು.

"ಹುಲ್ಲುಗಾವಲಿನ ಗಾಳಿಗೆ ನಮ್ಮ ಕಟ್ಟಡ ಎಲ್ಲಿದೆ ಅಂತಾನೇ ಗೊತ್ತಿಲ್ವಲ್ಲ. ಗೊತ್ತಿಲ್ಲದ ಉದ್ದ ಅದರ ನಿಯಮದೊಳಗೆ ಹೇಗೆ ಬರುತ್ತೆ?"

"ಗೊತ್ತು ಮಾಡಿಸೋಣ," ಎಂದರು ಜಬ್ರೋದಿನ್.

ಬೇಸಿಗೆ ಹೀಗೇ ಕಳೆಯಿತು. ಅಗ್ನಿಯಾಗೆ ನಿದ್ದೆ ಹಾರಿಹೋಯಿತು, ಅನ್ನ ಸೇರದಾಯಿತು. ದಿನವೂ ಅಳೆಯುತ್ತಿದ್ದಳು, ದಿನವೂ ಅದೇ ಸಂಖ್ಯೆ ಬರುತ್ತಿತ್ತು. ಒಂದು ದಿನ ಅದರ ಮೇಲೇ ಸಿಟ್ಟು ಬಂದು, ನೀನಾದರೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬಾರದೇ ಎಂದು ಕಂಬಕ್ಕೆ ಗದರಿದಳು. ಹೇಳಿಬಿಟ್ಟ ಮೇಲೆ ನಾಚಿಕೆಯಾಯಿತು.

ಸೆಪ್ಟೆಂಬರ್ ಕೊನೆಗೆ ಚಳಿಗಾಲದ ಉಣ್ಣೆ ಬೂಟುಗಳ ಮೂಟೆ ಬಂತು. ಪ್ರತಿ ವರ್ಷ ಬರುವುದೇ. ಈ ಸಲ ಹನ್ನೆರಡು ಜೊತೆ, ಹನ್ನೆರಡೂ ನಲವತ್ತೈದನೇ ಸೈಜು. ಠಾಣೆಯ ಅಡುಗೆಯವಳ ಕಾಲು ಹನ್ನೆರಡು ವರ್ಷದ ಹುಡುಗಿಯಷ್ಟು. ಆಕೆ ಒಂದೇ ಬೂಟಿನಲ್ಲಿ ಎರಡೂ ಕಾಲಿಟ್ಟು ನಿಂತು ತೋರಿಸಿದಳು. ನಜಾರ್ ಮೂಟೆಯನ್ನು ಒದ್ದ.

"ನೋಡಿ ಸಾವ್ವಿಚ್ನಾ, ಒಂದೇ ಅಳತೆ ಇಟ್ಕೊಂಡು ಎಲ್ರ ಕಾಲಿಗೂ ಹಾಕು ಅಂದ್ರೆ ಹೆಂಗೆ? ಅಲ್ಲಿ ಕೂತು ತಲೆ ಕೆಡಿಸ್ಕೊಳ್ಳೋದು ಯಾಕೆ ಇವರು? ಅವರವರ ಕಾಲಿಗೆ ಅವರವರದೇ ಅಳತೆ ಕೊಟ್ಟಿದ್ರೆ ಮುಗೀತಿತ್ತಲ್ಲ."

ಚಹಾ ಸುರಿಯುತ್ತಿದ್ದ ಅಗ್ನಿಯಾ ಕೈ ನಿಲ್ಲಿಸುವುದನ್ನೇ ಮರೆತಳು. ಲೋಟ ತುಂಬಿ ಮೇಜಿನ ಮೇಲೆ ಹರಿಯಿತು.

ಉಪಸಮಿತಿ ಹುಡುಕುತ್ತಿದ್ದುದು ಒಂದೇ ಒಂದು ಉದ್ದವನ್ನು, ಎಲ್ಲ ಸುಳಿಗಳಿಗೂ. ಅದು ಒಂದೇ ಇರಬೇಕೆಂದು ಯಾರು ಹೇಳಿದರು? ಪ್ರತಿ ಸುಳಿಗೂ ಅದರದೇ ಗಾತ್ರವನ್ನು ಉದ್ದವಾಗಿ ಕೊಟ್ಟುಬಿಟ್ಟರೆ? ಬೂಟಿನ ಮೂಟೆಗೆ ಕಟ್ಟಿದ್ದ ರಟ್ಟಿನ ಮೇಲೇ ಬರೆದಳು. ಪ್ರತಿಜ್ಞೆಯ ಒಂದೂವರೆ ಒಂದು ಕಡೆ. ಕೊರತೆ ಬಿದ್ದ ಆರನೇ ಒಂದು, ಸುಳಿಯ ಗಾತ್ರದಿಂದಲೇ ತುಂಬಿ, ಪಕ್ಕದಲ್ಲಿ. ಎರಡೂ ಕೂಡಿಸಿದರೆ ಎಷ್ಟು? ಒಂದೂವರೆಗೆ ಆರನೇ ಒಂದು ಕೂಡಿಸಿ, ನೀವೇ ನೋಡಿ. ಐದು ಬೈ ಮೂರು. ಅದೇ ಗಾಳಿ, ಅದೇ ನಿಯಮ, ಅಂಗಿ ಮಾತ್ರ ಬೇರೆ. ಸಮಿತಿಗೆ ಒಂದೂವರೆ ಕಾಣುತ್ತದೆ, ಗಾಳಿಗೆ ಐದು ಬೈ ಮೂರು ಕಾಣುತ್ತದೆ, ಯಾರೂ ಯಾರ ತಂಟೆಗೂ ಹೋಗುವುದಿಲ್ಲ.

ಅಗ್ನಿಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏನಾಯ್ತು ಎಂದು ಕೇಳಿದ ನಜಾರ್‌ಗೆ ವಿವರಿಸಿದಳು. ಅವನು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಂದ್ರೆ ಏನೂ ಬದಲಾಗಲಿಲ್ಲ?"

"ಏನೂ ಇಲ್ಲ."

"ಸುಳ್ಳೂ ಅಲ್ಲ?"

"ಸುಳ್ಳಲ್ಲ."

"ಮತ್ತೆ ನಿಮ್ಮ ಮುಖ ಯಾಕೆ ಹಂಗಾಯ್ತು?"

ಆಕೆ ರಟ್ಟನ್ನು ವಾಪಸ್ ತೆಗೆದುಕೊಂಡು, ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸತೊಡಗಿದಳು. ನಗು ನಿಂತ ಮೇಲೆ ಎದೆಯಲ್ಲಿ ಏನೋ ಹುಳಿ ಹುಳಿ ಅನಿಸುತ್ತಿತ್ತು.

ಮಾಸ್ಕೋದಲ್ಲಿ ಜಬ್ರೋದಿನ್ ಎದುರು ಆಕೆ ಮಾತನ್ನು ತೂಗಿ ತೂಗಿ ಆಡಿದಳು. ಉದ್ದವನ್ನು ಎಲ್ಲ ಸುಳಿಗಳಿಗೂ ಒಂದೇ ಸಮ ಹಂಚಬೇಕಾಗಿಲ್ಲ, ಪ್ರತಿ ಸುಳಿಗೂ ಅದರ ಅಗತ್ಯಕ್ಕೆ ತಕ್ಕಷ್ಟು ಕೊಟ್ಟರೆ ಘಾತ ಒಂದೂವರೆಗೆ ಬರುತ್ತದೆ, ಎಂದಳು. ಜಬ್ರೋದಿನ್ ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

"ಅಗತ್ಯಕ್ಕೆ ತಕ್ಕಷ್ಟು," ಎಂದರು. "ಕಮ್ಯುನಿಸಂ ಅಂದ್ರೆ ಅದೇ ಅಲ್ವಾ? ಮನುಷ್ಯರಿಗೇ ಇನ್ನೂ ಮಾಡೋಕಾಗಿಲ್ಲ ನಮಗೆ. ನೀವು ಗಾಳಿಗೆ ಮಾಡಿ ತೋರಿಸಿದ್ರಿ." ಎದ್ದು ಬಂದು ಆಕೆಯ ಎರಡೂ ಕೈ ಹಿಡಿದುಕೊಂಡರು. ನಿಜವಾಗಿಯೂ ಅತ್ತರು. ಆಗ ಅಗ್ನಿಯಾಗೆ ಅವರ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಮರುಕ ಬಂತು, ತನ್ನ ಮೇಲೆ ಮಾತ್ರ ಮರುಕ ಬರಲಿಲ್ಲ.

ಇನ್ನೊಂದು ಮಾತು ಬಾಕಿ ಇತ್ತು. ಪ್ರಬಂಧದೊಳಗಿನ ಹಳೆಯ ಕೋಷ್ಟಕಗಳ ಗತಿಯೇನು? "ಹಳೇದು ಯಾಕೆ ಬೇಕು?" ಎಂದರು ಜಬ್ರೋದಿನ್. "ಸೀದ ಬ್ರೆಡ್ಡನ್ನ ಅಂಗಡಿ ಕಿಟಕೀಲಿ ಇಡ್ತಾರಾ ಯಾರಾದ್ರೂ? ಎಲ್ಲಾನೂ ಹೊಸ ಲೆಕ್ಕಕ್ಕೆ ತಿದ್ದಿಬಿಡಿ." ನಿರ್ದೇಶಕರೂ ಹೂಂ ಅಂದರು. ಬೆರಳಚ್ಚು ಮಾಡುವ ಹೆಂಗಸು ಮೂರು ವಾರ ಕೂತು ಹೊಸದಾಗಿ ಹೊಡೆದಳು. ಹನ್ನೊಂದು ವರ್ಷ, ಪ್ರತಿ ತಿಂಗಳು, ಪ್ರತಿ ಸಾಲಿನಲ್ಲೂ ಒಂದೂವರೆ, ಅದರ ಪಕ್ಕದಲ್ಲಿ ಹಂಚಿದ ಉದ್ದ. ಕೂಡಿಸಿ ನೋಡುವವರಿಗೆ ನಿಜ ಅಲ್ಲೇ ಇತ್ತು. ಆದರೆ ಮುನ್ನೂರು ಪುಟದಲ್ಲಿ ಐದು ಬೈ ಮೂರು ಎನ್ನುವುದು ಒಂದು ಕಡೆಯೂ ಉಳಿಯಲಿಲ್ಲ.

ನವೆಂಬರ್ ಎರಡನೇ ತಾರೀಕು ಪ್ರಬಂಧ ಮಂಡನೆ. ವಿದ್ವತ್ ಮಂಡಳಿಯ ಹದಿನೆಂಟು ಮಂದಿ, ಗೋಡೆಗೆ ಹೊಸ ಕೆಂಪು ಬಟ್ಟೆ, ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಸೂಟಿನಲ್ಲಿ ಜಬ್ರೋದಿನ್. ಪ್ರಬಂಧವನ್ನು ಎದುರಿಸಿ ಪ್ರಶ್ನೆ ಕೇಳಬೇಕಾದವರು ಮಂಡಳಿಯವರಲ್ಲೇ ಒಬ್ಬರಾದ ಎಮಿಲ್ ಕಾರ್ಲೊವಿಚ್. ಎಪ್ಪತ್ತೆಂಟರ ಮುದುಕರು, ಇಪ್ಪತ್ತು ವರ್ಷದ ಹಿಂದೆ ಅಗ್ನಿಯಾಗೆ ಈ ವಿದ್ಯೆ ಕಲಿಸಿದವರು. ಯಾರೇ ಬಂದು ಏನೇ ಸಮೀಕರಣ ಬರೆದರೂ ಅವರದು ಒಂದೇ ಪ್ರಶ್ನೆ: ಮೀಟರು ಎಷ್ಟು, ಸೆಕೆಂಡು ಎಷ್ಟು? ಒಂದು ಸೆಕೆಂಡು ತಪ್ಪಿತು ಎಂದು ಇಬ್ಬರ ಪ್ರಬಂಧವನ್ನು ಅಲ್ಲೇ ಮುಳುಗಿಸಿದ ಖ್ಯಾತಿ ಬೇರೆ. ಅವರು ಎದ್ದು ನಿಂತರು.

"ಈ ಹಂಚಿದ ಉದ್ದ ಇದೆಯಲ್ಲ," ಎಂದರು ಎಮಿಲ್ ಕಾರ್ಲೊವಿಚ್. "ಇದು ಎಷ್ಟು?"

"ಆಯಾ ಸುಳಿಯ ಗಾತ್ರವೇ, ಎಮಿಲ್ ಕಾರ್ಲೊವಿಚ್." ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ.

ಮುದುಕರು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಬರೆದರು. ಎರಡೇ ಸಂಖ್ಯೆ, ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಮೂರನೆಯದು. ಅಷ್ಟನ್ನು ಬರೆಯಲು ಯಾರಿಗೂ ಬೇಕಾಗದಷ್ಟು ಹೊತ್ತು ತೆಗೆದುಕೊಂಡರು. ಕನ್ನಡಕದ ಮೇಲಿನಿಂದ ಆಕೆಯನ್ನು ನೋಡಿದರು. ಅವರು ಒಂದು ಮಾತು ಹೇಳಿದರೆ ಸಾಕಿತ್ತು, ಇದು ಹಳೆಯದೇ ಕಣ್ರೀ ಎಂದರೆ ಸಾಕಿತ್ತು, ಪದವಿಯೂ ಕಂಬವೂ ಅಲ್ಲೇ ಉರುಳುತ್ತಿದ್ದವು.

"ಆಯಾಮಗಳು ಸರಿಹೊಂದುತ್ತವೆ," ಎಂದರು. "ನನಗೆ ಬೇರೆ ಪ್ರಶ್ನೆಗಳಿಲ್ಲ."

ಗುಟ್ಟಿನ ಚೀಟಿ ಎಣಿಸಿದರು. ಪರ ಹದಿನೇಳು, ವಿರುದ್ಧ ಒಂದು. ಅಗ್ನಿಯಾ ಡಾಕ್ಟರ್ ಆದಳು. ಯಾರೋ ಹೊಟ್ಟೆಕಿಚ್ಚಿನವರು ಆ ಒಂದನ್ನು ಹಾಕಿದ್ದಾರೆ ಎಂದು ಜಬ್ರೋದಿನ್ ಕೆಂಪಗಾದರು, ಯಾರೆಂದು ಪತ್ತೆ ಹಚ್ಚುತ್ತೇನೆ ಎಂದರು, ಅಷ್ಟರಲ್ಲಿ ಯಾರೋ ಅವರ ಕೈಗೆ ವೋದ್ಕಾ ಲೋಟ ಕೊಟ್ಟರು. ಮೇಲಿನ ಕೋಣೆಯಲ್ಲಿ ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ, ಭಾಷಣಗಳು ಶುರುವಾದವು. ಎಮಿಲ್ ಕಾರ್ಲೊವಿಚ್ ಕಾಣಲಿಲ್ಲ. ಅಗ್ನಿಯಾ ಲೋಟ ಕೆಳಗಿಟ್ಟು ಮೆಟ್ಟಿಲಿಳಿದು ಹೋದಳು.

ಕೋಟುಗಳ ಸಾಲಿನ ನಡುವೆ ಬೆಂಚಿನ ಮೇಲೆ ಕೂತು ಮುದುಕರು ಬೂಟಿನ ಮೇಲೆ ರಬ್ಬರ್ ಕವಚ ಏರಿಸಲು ಒದ್ದಾಡುತ್ತಿದ್ದರು.

"ಊಟಕ್ಕೆ ನಿಲ್ಲಲ್ವಾ, ಎಮಿಲ್ ಕಾರ್ಲೊವಿಚ್?"

"ಇಲ್ಲಮ್ಮ." ಕವಚ ಬಿಟ್ಟು ತಲೆಯೆತ್ತಿದರು. "ಆ ಒಂದು ಚೀಟಿ ನಂದು, ಅಗ್ನೂಷಾ," ಎಂದರು, ಓದುವ ದಿನಗಳ ಮುದ್ದಿನ ಹೆಸರು ಹಿಡಿದು.

ಆಕೆಗೆ ಮೊದಲು ಕೇಳಿಸಿದ್ದು ಅರ್ಥವಾಗಲಿಲ್ಲ. ಅರ್ಥವಾದಾಗ ಕೆನ್ನೆಗೆ ಹೊಡೆದ ಹಾಗಾಯಿತು. "ನೀವೇ ಹೇಳಿದ್ರಲ್ಲ, ಆಯಾಮ ಸರಿಹೊಂದುತ್ತೆ ಅಂತ."

"ಹೊಂದುತ್ತೆ. ಅದಕ್ಕೇ ಬಾಯಿ ಮುಚ್ಕೊಂಡು ಕೂತೆ. ಬಾಯಿ ಬಿಟ್ಟಿದ್ರೆ ನಿನ್ನ ಅನ್ನ ಹೋಗ್ತಿತ್ತು, ಕಂಬಾನೂ ಹೋಗ್ತಿತ್ತು. ಹದಿನೇಳು ಬಂದೇ ಬರುತ್ತೆ ಅಂತ ಗೊತ್ತಿತ್ತು ನಂಗೆ, ಚೀಟಿ ಹಾಕೋಕೆ ಮುಂಚೆ ಒಬ್ಬೊಬ್ಬರ ಮುಖಾನೂ ಎರಡೆರಡು ಸಲ ನೋಡ್ಕೊಂಡೆ. ನಿಂಗೆ ತೊಂದ್ರೆ ಆಗೋ ಹಾಗಿದ್ರೆ ಹಾಕ್ತಿರಲಿಲ್ಲ." ಮುದುಕರು ಉಸಿರು ತೆಗೆದುಕೊಂಡರು. "ಆದ್ರೆ ಮುನ್ನೂರು ಪುಟ ತಿರುವಿ ಹಾಕ್ದೆ ಮಗಳೇ. ನಿನ್ನ ಐದು ಬೈ ಮೂರು ಎಲ್ಲೂ ಸಿಗಲಿಲ್ಲ. ಹನ್ನೊಂದು ವರ್ಷ ಆ ಚಳೀಲಿ ನಿಂತು ಹಿಡಿದದ್ದು. ಇಡೀ ಕಟ್ಟಡದಲ್ಲಿ ಅದರ ಪರವಾಗಿ ಒಂದು ಮತನಾದ್ರೂ ಬೀಳ್ಬೇಕೋ ಬೇಡ್ವೋ?"

ಅಗ್ನಿಯಾ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಮಾರ್ಚ್‌ನಿಂದ ಒಂದು ತೊಟ್ಟೂ ಸುರಿಯದ ಕಣ್ಣೀರು ಈಗ ಸುರಿಯಿತು. ತಡೆಯಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. ಮೇಲೆ ಜಬ್ರೋದಿನ್ ಆಕೆಯ ಹೆಸರು ಹೇಳಿ ಲೋಟ ಎತ್ತುತ್ತಿದ್ದುದು ಕೇಳಿಸುತ್ತಿತ್ತು.

"ನಂಗೂ ಒಂದು ಚೀಟಿ ಕೊಟ್ಟಿದ್ರೆ," ಎಂದಳು, "ನಾನೂ ವಿರುದ್ಧಾನೇ ಹಾಕ್ತಿದ್ದೆ."

"ಗೊತ್ತು," ಎಂದರು ಎಮಿಲ್ ಕಾರ್ಲೊವಿಚ್. "ನಿಂಗೆ ಕೊಡಲ್ವಲ್ಲ ಅಂತಾನೇ ನಾನು ಹಾಕಿದ್ದು."

ಆಕೆ ನೆಲದ ಮೇಲೆ ಮಂಡಿಯೂರಿ ಕೂತು, ಅವರ ಕಾಲನ್ನು ಹಿಡಿದು ಕವಚ ಏರಿಸಿದಳು.